ಅನುಭವ ಇಲ್ಲದವರಿಗೆ ಮೊದಲ ಕೆಲಸ: ನೇಮಕಾತಿ ಮಾಡುವವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 22 ವರ್ಷ. ಡಿಗ್ರಿ ಮುಗಿದು ಏಳು ತಿಂಗಳಾಯಿತು. ಇಲ್ಲಿಯವರೆಗೆ 120ಕ್ಕೂ ಜಾಸ್ತಿ ಅರ್ಜಿ ಹಾಕಿದ್ದೇನೆ. ಉತ್ತರ ಬಂದದ್ದು ನಾಲ್ಕು ಕಡೆಯಿಂದ, ಅದೂ ‘ಅನುಭವ ಇರುವವರು ಬೇಕು’ ಅಂತ. ಕೆಲಸ ಸಿಗದೆ ಅನುಭವ ಎಲ್ಲಿಂದ ಬರಬೇಕು? ಆಫೀಸಿನ ಕೆಲಸ, ಲೆಕ್ಕ ಬರೆಯುವುದು, ಗ್ರಾಹಕರ ಜೊತೆ ಮಾತಾಡುವುದು, ಯಾವುದಾದರೂ ಸರಿ ಅಂತ ಎಲ್ಲ ಕಡೆ ಹಾಕುತ್ತಿದ್ದೇನೆ. ರೆಸ್ಯೂಮೆಯಲ್ಲಿ ‘ಅನುಭವ’ ಅನ್ನುವ ಜಾಗ ಖಾಲಿ. ಅದನ್ನು ನೋಡಿದರೇ ನಾಚಿಕೆಯಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ನಾಚಿಕೆಯ ಮಾತು ಬಿಡಿ. ಹದಿನೈದು ವರ್ಷದಿಂದ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಕಡೆ ಕೂತಿದ್ದೇನೆ. ಆ ಜಾಗ ಖಾಲಿ ಇರುವ ರೆಸ್ಯೂಮೆಗಳು ದಿನವೂ ಬರುತ್ತವೆ. ಒಂದು ಕಾಲಕ್ಕೆ ನನ್ನದೂ ಹಾಗೇ ಇತ್ತು.

ಮೇಜಿನ ಈಚೆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಜಾಹೀರಾತಿನಲ್ಲಿ ‘1ರಿಂದ 2 ವರ್ಷ ಅನುಭವ’ ಅಂತ ಹಾಕುತ್ತೇವಲ್ಲ, ಎಷ್ಟೋ ಸಲ ಅದು ಹಳೆಯ ಜಾಹೀರಾತಿನಿಂದ ಹಾಗೇ ಎತ್ತಿಕೊಂಡ ಸಾಲು. ಅದರ ಹಿಂದೆ ಇರುವುದು ಒಂದು ಭಯ. ಹೊಸಬರು ಬಂದು ಮೂರೇ ವಾರಕ್ಕೆ ಬಿಟ್ಟು ಹೋದರೆ? ಹೇಳಿದ ಕೆಲಸ ಅರ್ಧಕ್ಕೆ ನಿಲ್ಲಿಸಿ ಸುಮ್ನೆ ಕೂತರೆ? ತಪ್ಪಾದಾಗ ಮುಚ್ಚಿಟ್ಟರೆ? ಎಲ್ಲೋ ಒಂದು ವರ್ಷ ಕೆಲಸ ಮಾಡಿದವರು ಅಂದರೆ ಈ ಭಯ ಸ್ವಲ್ಪ ಕಡಿಮೆಯಾಗುತ್ತದೆ. ನೀವು ಅದನ್ನು ಬೇರೆ ದಾರಿಯಲ್ಲಿ ಕಡಿಮೆ ಮಾಡಬೇಕು. ಹೇಳಿದ ಹೊತ್ತಿಗೆ ಬರುತ್ತೇನೆ, ಹಿಡಿದದ್ದನ್ನು ಮುಗಿಸುತ್ತೇನೆ, ಗೊತ್ತಾಗದಿದ್ದರೆ ಬಂದು ಕೇಳುತ್ತೇನೆ. ಈ ಮೂರಕ್ಕೆ ಸಾಕ್ಷಿ ಬೇಕು. ಆ ಸಾಕ್ಷಿ ಸಂಬಳದ ಚೀಟಿಯೇ ಆಗಬೇಕೆಂದಿಲ್ಲ.

ಹಾಗಾಗಿ ಒಂದೆರಡು ವರ್ಷ ಕೇಳಿದ ಕಡೆ ಧೈರ್ಯವಾಗಿ ಅರ್ಜಿ ಹಾಕಿ. ಐದು ವರ್ಷ ಕೇಳಿದ್ದರೆ, ಅಥವಾ ಲೈಸೆನ್ಸ್ ಬೇಕೇ ಬೇಕು ಅಂದಿದ್ದರೆ ಬಿಡಿ. ಅಲ್ಲಿ ಅವರು ನಿಜವಾಗಿಯೂ ಅದನ್ನೇ ಕೇಳುತ್ತಿದ್ದಾರೆ.

ನೀವು ತಪ್ಪುತ್ತಿರುವುದು ‘ಯಾವುದಾದರೂ ಸರಿ’ ಅನ್ನುವಲ್ಲಿ ಅಂತ ನನಗೆ ಅನಿಸುತ್ತದೆ. ನಿಮ್ಮ ಮನಸ್ಸಿನಲ್ಲಿ ಅದು ವಿನಯ. ಓದುವವರಿಗೆ ಮಾತ್ರ ‘ಇವರಿಗೆ ನಮ್ಮ ಕೆಲಸ ಏನು ಅಂತಲೇ ಗೊತ್ತಿಲ್ಲ’ ಅಂತ ಕೇಳಿಸುತ್ತದೆ. ಒಂದೇ ರೆಸ್ಯೂಮೆಯನ್ನು 120 ಕಡೆ ಕಳಿಸಿದ್ದೀರಿ, ಅಲ್ವಾ? ಇನ್ನು ಮೇಲೆ ವಾರಕ್ಕೆ ಐದಾರು ಸಾಕು. ಒಂದು ಅಥವಾ ಎರಡು ಥರದ ಕೆಲಸ ಆರಿಸಿಕೊಳ್ಳಿ. ಪ್ರತಿ ಸಲ ಜಾಹೀರಾತನ್ನು ಎರಡು ಸಲ ಓದಿ, ರೆಸ್ಯೂಮೆಯ ಮೇಲಿನ ನಾಲ್ಕು ಸಾಲನ್ನು ಅದಕ್ಕೆ ತಕ್ಕ ಹಾಗೆ ಬದಲಾಯಿಸಿ.

ಅದಕ್ಕೂ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ನಾಲ್ಕು ವರ್ಷದಲ್ಲಿ ಇನ್ನೊಬ್ಬರು ನಿಮ್ಮನ್ನು ನಂಬಿ ಬಿಟ್ಟ ಕೆಲಸಗಳನ್ನೆಲ್ಲ ಬರೆಯಿರಿ. ದುಡ್ಡು ಸಿಕ್ಕಿದೆಯೋ ಇಲ್ಲವೋ ಮುಖ್ಯ ಅಲ್ಲ. ನೀವು ಬರದಿದ್ದರೆ ಯಾರಿಗಾದರೂ ತೊಂದರೆಯಾಗುತ್ತಿತ್ತಾ? ಆಗುತ್ತಿತ್ತು ಅಂದರೆ ಬರೆಯಿರಿ. ಬರೆದು ಇಲ್ಲೇ ಹಾಕಿ, ನೋಡೋಣ.

ಕೇಳಿದವರು: ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಎರಡು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಕಾಲೇಜಿನಲ್ಲಿ ಒಂದು ಕಾರ್ಯಕ್ರಮಕ್ಕೆ ಬಂದವರ ಹೆಸರು ನೋಂದಣಿ ಮಾಡಿದ್ದೇನೆ. ಅಜ್ಜನಿಗೆ ಆಪರೇಷನ್ ಆದಾಗ ಮೂರು ತಿಂಗಳು ಔಷಧಿ, ಆಸ್ಪತ್ರೆ ಎಲ್ಲ ನಾನೇ ನೋಡಿಕೊಂಡೆ. ಆದರೆ ಇದೆಲ್ಲ ಅನುಭವ ಅಂತ ಹೇಗೆ ಬರೆಯುವುದು ಮೇಡಂ? ರೆಸ್ಯೂಮೆಯಲ್ಲಿ ಈಗ ‘ಶ್ರಮಜೀವಿ, ಉತ್ತಮ ಸಂವಹನ ಕೌಶಲ, ತಂಡದಲ್ಲಿ ಕೆಲಸ ಮಾಡುವ ಗುಣ’ ಅಂತ ಇದೆ.

ಉತ್ತರ: ಆ ಸಾಲನ್ನು ಈಗಲೇ ಅಳಿಸಿ. ನೂರು ರೆಸ್ಯೂಮೆಯಲ್ಲಿ ತೊಂಬತ್ತರಲ್ಲಿ ಅದೇ ಇರುತ್ತದೆ, ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಕಣ್ಣು ನಿಲ್ಲುವುದು ಲೆಕ್ಕದ ಮೇಲೆ. ಉದಾಹರಣೆಗೆ, ‘ಇಬ್ಬರು ಮಕ್ಕಳಿಗೆ 2 ವರ್ಷ ಗಣಿತ ಪಾಠ, ವಾರಕ್ಕೆ 4 ದಿನ.’ ದಿನದ ಲೆಕ್ಕ ನಿಮ್ಮದೇ ಹಾಕಿ. ಇಷ್ಟು ಓದಿದರೆ ನನಗೆ ಏನೇನು ಗೊತ್ತಾಗುತ್ತದೆ ನೋಡಿ. ನೀವು ಎರಡು ವರ್ಷ ಒಂದು ಕೆಲಸಕ್ಕೆ ಅಂಟಿಕೊಂಡು ಇದ್ದಿರಿ. ಮಕ್ಕಳ ತಂದೆತಾಯಿ ನಿಮ್ಮನ್ನು ಬಿಡಿಸಲಿಲ್ಲ. ಗೊತ್ತಿಲ್ಲದವರಿಗೆ ಅರ್ಥವಾಗುವ ಹಾಗೆ ಹೇಳಲು ಬರುತ್ತದೆ. ಗ್ರಾಹಕರ ಜೊತೆ ಮಾತಾಡುವ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು?

ಅಜ್ಜನ ವಿಷಯ ಬರೆಯಬೇಕೋ ಬೇಡವೋ ಅನ್ನುವುದು ನಿಮ್ಮ ಇಷ್ಟ. ಆದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಕೆಲವು ವರ್ಷದ ಹಿಂದೆ ಗೋದಾಮಿನ ದಾಸ್ತಾನು ಬರೆಯುವ ಕೆಲಸಕ್ಕೆ ಒಬ್ಬ ಹುಡುಗಿ ಬಂದಿದ್ದಳು. ಅನುಭವ ಸೊನ್ನೆ. ಏನಾದರೂ ಜವಾಬ್ದಾರಿ ಹೊತ್ತಿದ್ದೀರಾ ಅಂತ ಕೇಳಿದೆ. ಅಜ್ಜಿಯ ಮಾತ್ರೆಗಳಿಗೆ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದಳಂತೆ. ಒಂದು ದಿನ ಪಟ್ಟಿ ನೋಡುವಾಗ ಒಂದೇ ಔಷಧಿ ಬೇರೆ ಬೇರೆ ಹೆಸರಿನಲ್ಲಿ ಎರಡು ಸಲ ಇರುವುದು ಕಂಡಿತು. ತಾನೇ ನಿಲ್ಲಿಸಲಿಲ್ಲ, ಡಾಕ್ಟರಿಗೆ ಫೋನ್ ಮಾಡಿ ಕೇಳಿದಳು. ದಾಸ್ತಾನು ನೋಡಿಕೊಳ್ಳುವವರು ಮಾಡಬೇಕಾದದ್ದೂ ಇದೇ. ಬರೆದಿಡಬೇಕು, ಹೊಂದಿಕೆಯಾಗದ್ದು ಕಣ್ಣಿಗೆ ಬೀಳಬೇಕು, ಸರಿಯಾದವರನ್ನು ಕೇಳಬೇಕು. ಅವಳನ್ನೇ ತೆಗೆದುಕೊಂಡೆವು.

ಇನ್ನೊಂದು ಮಾತು. ಲಿಯೊನಾರ್ಡೊ ಡಾ ವಿಂಚಿ ಸುಮಾರು ಮೂವತ್ತರ ವಯಸ್ಸಿನಲ್ಲಿ, 1482ರ ಆಸುಪಾಸಿನಲ್ಲಿ, ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಮಾಡಿದ್ದ. ಅದರ ಕರಡು ಇವತ್ತಿಗೂ ಇದೆ. ಹಗುರವಾದ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ತೆಗೆಯಬಲ್ಲೆ, ಫಿರಂಗಿ ಮಾಡಬಲ್ಲೆ ಅಂತ ಒಂದೊಂದಾಗಿ ಬರೆದಿದ್ದಾನೆ. ಚಿತ್ರ ಬರೆಯಬಲ್ಲೆ ಅನ್ನುವುದು ಬರುವುದು ಕೊನೆಯ ಹತ್ತಿರ. ಆ ಅರಸನಿಗೆ ಆಗ ಯುದ್ಧದ ಚಿಂತೆ ಇತ್ತು. ಅದಕ್ಕೇ ಪತ್ರ ಅವನ ಅಗತ್ಯದಿಂದ ಶುರುವಾಗುತ್ತದೆ. ನಿಮ್ಮ ಮೇಲಿನ ನಾಲ್ಕು ಸಾಲೂ ಹಾಗೇ ಇರಲಿ. ಲೆಕ್ಕ ಬರೆಯುವ ಕೆಲಸಕ್ಕೆ ನೋಂದಣಿಯ ವಿಷಯ ಮೇಲೆ ಬರಲಿ, ಜನರ ಜೊತೆಗಿನ ಕೆಲಸಕ್ಕೆ ಪಾಠದ ವಿಷಯ.

ರೆಸ್ಯೂಮೆ ಒಂದು ಪುಟ ಸಾಕು. ಬಣ್ಣದ ಚೌಕ, ಎರಡು ಕಾಲಂ, ಚಿತ್ರದೊಳಗೆ ಬರೆದ ಅಕ್ಷರ ಬೇಡ. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸಾಫ್ಟ್‌ವೇರ್ ಓದಿ ವಿಂಗಡಿಸುತ್ತದೆ. ಅಂಥವನ್ನು ಅದು ಎಷ್ಟೋ ಸಲ ಸರಿಯಾಗಿ ಓದುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ರೆಸ್ಯೂಮೆ ಎಷ್ಟು ಚೆನ್ನಾಗಿದ್ದರೇನು, ಕೊನೆಗೆ ನಡೆಯುವುದು ವಶೀಲಿಯೇ ಅಲ್ವಾ? ನಮ್ಮ ಮನೆಯಲ್ಲಿ ದೊಡ್ಡವರ ಪರಿಚಯ ಯಾರಿಗೂ ಇಲ್ಲ.

ಉತ್ತರ: ಬೇಜಾರಿಲ್ಲ. ಕೇಳಬೇಕಾದ ಪ್ರಶ್ನೆಯೇ. ವಶೀಲಿ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ವಶೀಲಿ ಬೇರೆ, ಪರಿಚಯ ಬೇರೆ. ವಶೀಲಿ ಅಂದರೆ ಅರ್ಹತೆ ನೋಡದೆ ಒಳಗೆ ತಳ್ಳುವುದು. ಪರಿಚಯ ಅಂದರೆ ‘ಇಲ್ಲಿ ಒಂದು ಜಾಗ ಖಾಲಿಯಾಗುತ್ತಿದೆ’ ಅಂತ ನಿಮಗೆ ತಿಳಿಯುವುದು, ‘ಇವರನ್ನು ಒಂದು ಸಲ ನೋಡಿ’ ಅಂತ ಒಬ್ಬರು ಹೇಳುವುದು.

ಅದಕ್ಕೆ ದೊಡ್ಡವರೇ ಬೇಕಾಗಿಲ್ಲ, ಹತ್ತಿರದವರೂ ಬೇಕಾಗಿಲ್ಲ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಲೆಕ್ಕ ಇದೆ. ಪರಿಚಯದವರಿಂದ ಕೆಲಸ ಸಿಕ್ಕಿದವರನ್ನು ಅವರು ಕೇಳಿದ್ದು ಇಷ್ಟು: ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಆಗಾಗ ಅಂದವರು ನೂರಕ್ಕೆ 17ರಷ್ಟು ಮಾತ್ರ. ಯಾವಾಗಲೋ ಒಮ್ಮೊಮ್ಮೆ ಅಂದವರು 55ಕ್ಕೂ ಜಾಸ್ತಿ. ತೀರ ಅಪರೂಪಕ್ಕೆ ಅಂದವರು ಸುಮಾರು 28. ಯೋಚಿಸಿದರೆ ಕಾರಣ ಸುಲಭ. ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಓಡಾಡುವ ಜಾಗವೇ ಬೇರೆ, ಅವರಿಗೆ ಸಿಗುವ ಸುದ್ದಿಯೂ ಬೇರೆ. 2022ರಲ್ಲಿ ಪ್ರಕಟವಾದ, ಲಿಂಕ್ಡ್‌ಇನ್‌ನ 2 ಕೋಟಿಗೂ ಜಾಸ್ತಿ ಬಳಕೆದಾರರ ಮೇಲೆ ನಡೆದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಕಂಡಿತು. ಕೆಲಸ ಬದಲಾಯಿಸಲು ಜಾಸ್ತಿ ನೆರವಾದದ್ದು ತೀರ ಹತ್ತಿರದವರೂ ಅಲ್ಲ, ತೀರ ಅಪರಿಚಿತರೂ ಅಲ್ಲ, ಮಧ್ಯದವರು.

ಆ ಮಧ್ಯದವರು ನಿಮಗೂ ಇದ್ದಾರೆ. ಕಾಲೇಜಿನಲ್ಲಿ ಎರಡು ವರ್ಷ ಮುಂದಿದ್ದವರು, ಶಾಲೆಯ ಮೇಷ್ಟ್ರು, ಗೆಳೆಯನ ಅಕ್ಕ. ಅವರಿಗೆ ‘ಏನಾದರೂ ಕೆಲಸ ಇದ್ದರೆ ಹೇಳಿ’ ಅಂತ ಬರೆಯಬೇಡಿ. ಅದಕ್ಕೆ ಅವರು ‘ಆಯ್ತು’ ಅಂತಾರೆ, ಅಲ್ಲಿಗೆ ಮುಗಿಯುತ್ತದೆ. ಹೀಗೆ ಬರೆಯಿರಿ: ‘ನಮಸ್ಕಾರ ಅಕ್ಕ. ನಾನು ಇಂಥವರ ಗೆಳೆಯ. ಲೆಕ್ಕ ಬರೆಯುವ ಮೊದಲ ಕೆಲಸ ಹುಡುಕುತ್ತಿದ್ದೇನೆ. ನೀವು ಆ ಕೆಲಸಕ್ಕೆ ಹೇಗೆ ಸೇರಿದಿರಿ ಅಂತ ಕೇಳಬೇಕಿತ್ತು. ಈ ವಾರ ಹದಿನೈದು ನಿಮಿಷ ಫೋನಿನಲ್ಲಿ ಸಿಗುತ್ತೀರಾ?’ ತಮ್ಮ ಕೆಲಸದ ಬಗ್ಗೆ ಹೇಳಲು ಹೆಚ್ಚಿನವರು ಒಪ್ಪುತ್ತಾರೆ. ಮಾತು ಮುಗಿಯುವಾಗ ‘ಇನ್ನು ಯಾರನ್ನು ಕೇಳಬಹುದು?’ ಅಂತ ಕೇಳಿ. ಅವರು ಹೇಳಿದ ಹಾಗೆ ಮಾಡಿದ ಮೇಲೆ ಏನಾಯಿತು ಅಂತ ಎರಡು ಸಾಲು ಬರೆದು ತಿಳಿಸಿ. ಹೀಗೆ ತಿಳಿಸುವವರು ತುಂಬ ಕಡಿಮೆ. ತಿಳಿಸಿದವರ ಹೆಸರು ನನಗೆ ವರ್ಷಗಟ್ಟಲೆ ನೆನಪಿರುತ್ತದೆ.

ಮತ್ತೊಬ್ಬರ ಪ್ರಶ್ನೆ: ನನ್ನನ್ನು ಇಂಟರ್‌ವ್ಯೂಗೆ ಕರೆಯುತ್ತಾರೆ. ಆದರೆ ‘ನಿಮ್ಮ ಬಗ್ಗೆ ಹೇಳಿ’ ಅಂದ ತಕ್ಷಣ ಬಾಯಿ ಒಣಗುತ್ತದೆ. ಊರು, ಮನೆಯವರು, ಹವ್ಯಾಸ ಹೇಳಿ ಸುಮ್ಮನಾಗುತ್ತೇನೆ.

ಉತ್ತರ: ಕರೆಯುತ್ತಿದ್ದಾರೆ ಅಂದರೆ ರೆಸ್ಯೂಮೆ ಸರಿ ಇದೆ, ಅದನ್ನು ಮುಟ್ಟಬೇಡಿ. ಅವರು ಕೇಳುತ್ತಿರುವುದು ನಿಮ್ಮ ಜಾತಕ ಅಲ್ಲ, ‘ಈ ಕೆಲಸಕ್ಕೆ ನೀವು ಹೇಗೆ ಹೊಂದುತ್ತೀರಿ’ ಅಂತ. ಏನು ಓದಿದಿರಿ ಒಂದು ಮಾತು, ಏನು ಮಾಡಿದ್ದೀರಿ ಎರಡು ಮಾತು, ಇಲ್ಲಿಗೆ ಯಾಕೆ ಬಂದಿರಿ ಒಂದು ಮಾತು. ಒಂದು ನಿಮಿಷ ಸಾಕು.

ಆಮೇಲೆ ‘ಕಷ್ಟದ ಪರಿಸ್ಥಿತಿ ಹೇಗೆ ನಿಭಾಯಿಸಿದಿರಿ’ ಅನ್ನುವಂಥ ಪ್ರಶ್ನೆ ಬರುತ್ತದೆ. ಅದಕ್ಕೆ ಸ್ಟಾರ್ ಅನ್ನುವ ವಿಧಾನ ಎಲ್ಲರೂ ಹೇಳುತ್ತಾರೆ: ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಆದ ಫಲ. ಒಳ್ಳೆಯದೇ. ಆದರೆ ಹೆಚ್ಚಿನವರು ಸಂದರ್ಭ ಹೇಳುವುದರಲ್ಲೇ ಮೂರು ನಿಮಿಷ ಕಳೆಯುತ್ತಾರೆ. ನಾನು ಕಾಯುವುದು ಮೂರನೆಯದಕ್ಕೆ. ಮೂರು ಘಟನೆ ಸಿದ್ಧ ಇಟ್ಟುಕೊಳ್ಳಿ, ಒಂದು ತಪ್ಪಾದದ್ದೂ ಇರಲಿ. ಬಾಯಿಪಾಠ ಬೇಡ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಿಮ್ಮ ದನಿ ನಿಮಗೇ ಕೇಳಲಾಗುವುದಿಲ್ಲ. ಐದನೇ ಸಲಕ್ಕೆ ಉಸಿರು ಸರಿಹೋಗಿರುತ್ತದೆ.

ಗೊತ್ತಿಲ್ಲದ್ದು ಕೇಳಿದರೆ ‘ಗೊತ್ತಿಲ್ಲ, ಆದರೆ ಮೊದಲು ಹೀಗೆ ಹುಡುಕುತ್ತೇನೆ’ ಅಂತ ಹೇಳಿ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಗೊತ್ತಿಲ್ಲದ ಲೆಕ್ಕದ ತಂತ್ರಾಂಶವನ್ನು ಗೊತ್ತು ಅಂದುಬಿಟ್ಟಿದ್ದೆ. ಎರಡನೇ ಪ್ರಶ್ನೆಗೇ ಸಿಕ್ಕಿಬಿದ್ದೆ. ಅವತ್ತು ಕೆಲಸ ಹೋದದ್ದು ತಂತ್ರಾಂಶ ಬಾರದ್ದಕ್ಕಲ್ಲ.

ಬೇರೊಬ್ಬರ ಪ್ರಶ್ನೆ: ನನಗೆ ಒಂದು ಆಫರ್ ಬಂದಿದೆ. ಇಂಟರ್‌ವ್ಯೂ ಇಲ್ಲ, ಮೆಸೇಜಿನಲ್ಲೇ ಆಯ್ಕೆ ಆಯಿತು. ತರಬೇತಿಗೆ ಅಂತ ಮೊದಲು ಹಣ ಕಟ್ಟಬೇಕಂತೆ, ಮೊದಲ ಸಂಬಳದ ಜೊತೆ ವಾಪಸ್ ಕೊಡುತ್ತಾರಂತೆ. ಇವತ್ತು ಸಂಜೆಯೊಳಗೆ ಕಟ್ಟಬೇಕು ಅಂತಿದ್ದಾರೆ.

ಉತ್ತರ: ಕಟ್ಟಬೇಡಿ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಕಟ್ಟಬೇಡಿ.

ಕೆಲಸ ಕೊಡಲು ಕೆಲಸಗಾರರಿಂದ ಹಣ ಕೇಳಬಾರದು ಅನ್ನುವುದು ಲೋಕದಾದ್ಯಂತ ಮಾತಾಡಿಕೊಂಡಿರುವ ನಿಯಮ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದದ 7ನೇ ವಿಧಿ ಇದನ್ನೇ ಹೇಳುತ್ತದೆ. ಖಾಸಗಿ ಉದ್ಯೋಗ ಏಜೆನ್ಸಿಗಳು ನೇರವಾಗಿಯಾಗಲಿ ಸುತ್ತಿಬಳಸಿಯಾಗಲಿ ಕೆಲಸಗಾರರಿಂದ ಶುಲ್ಕ ಪಡೆಯಬಾರದು ಅಂತ. ಕೆಲವು ವಿನಾಯಿತಿಗಳಿಗೆ ಅಲ್ಲಿ ಅವಕಾಶ ಇದೆ, ಎಲ್ಲ ದೇಶಗಳೂ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಹೇಳುತ್ತೇನೆ, ನಾನು ಕೆಲಸ ಮಾಡಿದ ಯಾವ ಕಡೆಯೂ ಹೊಸಬರಿಂದ ಒಂದು ಪೈಸೆ ಕೇಳಿದ್ದಿಲ್ಲ.

ನೀವು ಹೇಳಿದ್ದರಲ್ಲಿ ಮೂರು ಗುರುತು ಇವೆ: ಇಂಟರ್‌ವ್ಯೂ ಇಲ್ಲದ ಆಯ್ಕೆ, ಮುಂಗಡ ಹಣ, ಸಂಜೆಯೊಳಗೆ ಅನ್ನುವ ಅವಸರ. ಆ ಕಂಪನಿಯ ಅಧಿಕೃತ ಜಾಲತಾಣದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ, ಮೆಸೇಜಿನಲ್ಲಿರುವ ನಂಬರಿಗೆ ಬೇಡ. ಮೂಲ ಅಂಕಪಟ್ಟಿ, ಬ್ಯಾಂಕಿನ ಒಟಿಪಿ ಯಾರಿಗೂ ಕೊಡಬೇಡಿ. ಈಗಾಗಲೇ ಸ್ವಲ್ಪ ಕಟ್ಟಿದ್ದರೆ ಈ ಕ್ಷಣ ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ, ಮೆಸೇಜುಗಳನ್ನು ಅಳಿಸಬೇಡಿ. ಮೋಸ ಹೋದವರದ್ದು ತಪ್ಪಲ್ಲ. ಕೆಲಸಕ್ಕಾಗಿ ಕಾಯುತ್ತಿರುವವರನ್ನೇ ಆರಿಸಿಕೊಂಡು ಹೀಗೆ ಮಾಡುವವರ ಮೇಲೆ ನನಗೆ ತುಂಬಾ ಸಿಟ್ಟಿದೆ.

ಮತ್ತೊಬ್ಬರ ಪ್ರಶ್ನೆ: ಸಂಬಳ ಇಲ್ಲದ ಇಂಟರ್ನ್‌ಶಿಪ್‌ಗೆ ಸೇರಬಹುದಾ?

ಉತ್ತರ: ಕಲಿಸುವವರು ಒಬ್ಬರು ಇದ್ದಾರೆ, ಮುಗಿಯುವ ದಿನ ಬರೆದುಕೊಟ್ಟಿದ್ದಾರೆ, ಮನೆ ಖರ್ಚಿಗೆ ತೊಂದರೆ ಇಲ್ಲ ಅಂದರೆ ಒಂದೆರಡು ತಿಂಗಳು ನೋಡಬಹುದು. ಸಂಬಳದವರು ಮಾಡುವ ಕೆಲಸವನ್ನೇ ಪೂರ್ತಿ ದಿನ ಮಾಡಿಸಿಕೊಂಡು ಏನೂ ಕೊಡುವುದಿಲ್ಲ ಅಂದರೆ ಬೇಡ.

ಮೊದಲು ಕೇಳಿದವರು: ಮೇಡಂ, ನೋಂದಣಿಯ ಸಾಲು ಹೀಗೆ ಬರೆದೆ. ಸರಿ ಇದೆಯಾ? ‘ಕಾಲೇಜು ಕಾರ್ಯಕ್ರಮದಲ್ಲಿ 2 ದಿನ 340 ಜನರ ನೋಂದಣಿ ಮಾಡಿದೆ. ಎರಡು ಸಲ ಬಂದ ಹೆಸರುಗಳನ್ನು ಎಕ್ಸೆಲ್‌ನಲ್ಲಿ ಹುಡುಕಿ ತೆಗೆದೆವು.’

ಉತ್ತರ: ತುಂಬಾ ಚೆನ್ನಾಗಿದೆ. ಒಂದೇ ಪ್ರಶ್ನೆ. ‘ಮಾಡಿದೆ’ ಅಂತ ಶುರು ಮಾಡಿ ‘ತೆಗೆದೆವು’ ಅಂತ ಮುಗಿಸಿದ್ದೀರಿ. ಎಕ್ಸೆಲ್‌ನಲ್ಲಿ ಹುಡುಕಿದ್ದು ಯಾರು? ನೀವೇ ಆದರೆ ‘ತೆಗೆದೆ’ ಅಂತ ಬರೆಯಿರಿ. ಇಬ್ಬರು ಸೇರಿ ಮಾಡಿದ್ದರೆ ಹಾಗೇ ಹೇಳಿ. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ಎಷ್ಟು ಹೆಸರು ಸಿಕ್ಕಿದವು ಅಂತ ನೆನಪಿದ್ದರೆ ಅದನ್ನೂ ಸೇರಿಸಿ.

ಮೊದಲು ಕೇಳಿದವರು: ನಾನೇ ಮೇಡಂ. ಗೆಳತಿ ದುಡ್ಡಿನ ಲೆಕ್ಕ ನೋಡಿಕೊಂಡಳು, ಹೆಸರಿನ ಪಟ್ಟಿ ಪೂರ್ತಿ ನನ್ನದು. ಆ ಫೈಲ್ ಇನ್ನೂ ನನ್ನ ಹತ್ತಿರ ಇದೆ, ಈಗ ತೆರೆದು ನೋಡಿದೆ. 23 ಹೆಸರು. ‘ತೆಗೆದೆ’ ಅಂತ ಬದಲಾಯಿಸಿದ್ದೇನೆ. ನಾಳೆ ಬೆಳಿಗ್ಗೆ ಲೆಕ್ಕ ಬರೆಯುವ ಕೆಲಸಕ್ಕೆ ಎರಡು ಕಡೆ ಕಳಿಸುತ್ತೇನೆ.