ಮಾವನವರಿಗೆ ಉಪ್ಪು ಕಡಿಮೆ, ಮಕ್ಕಳಿಗೆ ನೂಡಲ್ಸ್ ಬೇಕು: ಒಂದೇ ಅಡುಗೆಯಲ್ಲಿ ಸಾಧ್ಯವೇ?

ಪ್ರಶ್ನೆ: ವಿರಾಜಪೇಟೆ ತೋಟದಮನೆ

ಎಲ್ಲರಿಗೂ ನಮಸ್ಕಾರ. ಹಾಸ್ಟೆಲ್‌ನಲ್ಲಿ ಓದುತ್ತಿರುವ ನಮ್ಮ ಮಕ್ಕಳಿಬ್ಬರೂ ರಜೆಗೆ ಬಂದರೆಂದರೆ ಹಕ್ಕಾ ನೂಡಲ್ಸ್, ಹಾಟ್ ಆ್ಯಂಡ್ ಸೋರ್ ಸೂಪ್, ಮೊಮೊ ಎಂದು ದಿನಕ್ಕೊಂದು ಬೇಡಿಕೆ ಇಡುತ್ತಾರೆ. ಮಾವನವರಿಗೆ ರಕ್ತದೊತ್ತಡ ಇರುವುದರಿಂದ ಉಪ್ಪು ಮತ್ತು ಎಣ್ಣೆ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಅವರಿಗೆಂದು ಬೇರೆ ಅಡುಗೆ ಮಾಡಿದರೆ ಅವರು ಅದನ್ನು ಮುಟ್ಟುವುದಿಲ್ಲ. ಎಲ್ಲರ ತಟ್ಟೆಯಲ್ಲಿರುವುದೇ ತಮ್ಮ ತಟ್ಟೆಯಲ್ಲೂ ಇರಬೇಕು ಎನ್ನುತ್ತಾರೆ. ಸೋಯಾ ಸಾಸ್ ತಗ್ಗಿಸಿದರೆ ಸೂಪು ಸಪ್ಪೆಯಾಗಿ ಮಕ್ಕಳು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ. ವಿನೆಗರ್ ಬದಲು ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹಣ್ಣಿನ ಹುಳಿ), ಮೈದಾ ನೂಡಲ್ಸ್ ಬದಲು ನೂಪುಟ್ಟು (ಅಕ್ಕಿ ಶ್ಯಾವಿಗೆ) ಬಳಸಬಹುದೇ ಎಂಬುದು ನನ್ನ ಪ್ರಶ್ನೆ. ಅಜಿನೊಮೊಟೊ ಪೊಟ್ಟಣವನ್ನು ಮನೆಯಿಂದ ಹೊರಗೆ ಹಾಕಲೇಬೇಕೇ ಎಂಬುದನ್ನೂ ತಿಳಿದವರು ಹೇಳಬೇಕು. ತೋಟದಲ್ಲಿ ಕರಿಮೆಣಸು, ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್), ನಿಂಬೆ ಇವೆ. ಮಳೆಗಾಲದಲ್ಲಿ ಕಳಲೆಯೂ (ಎಳೆ ಬಿದಿರು) ಸಿಗುತ್ತದೆ.

ಉತ್ತರ 1: ಮಡಿಕೇರಿ ಮಂಜು

ಮೊದಲು ಉಪ್ಪಿನ ಲೆಕ್ಕವನ್ನು ನೋಡೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ ಸುಮಾರು 5 ಗ್ರಾಂ ಉಪ್ಪಿನ ಒಳಗೆ, ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ದೊಡ್ಡ ಚಮಚ ಸಾಮಾನ್ಯ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನಾಲ್ವರ ಸೂಪಿಗೆ ಎರಡು ಸಣ್ಣ ಚಮಚ ಮಾತ್ರ ಹಾಕಿ, ಬೇರೆ ಉಪ್ಪನ್ನು ಹಾಕದಿದ್ದರೆ ಒಬ್ಬೊಬ್ಬರ ಪಾಲಿಗೆ ಸುಮಾರು 150 ಮಿಲಿಗ್ರಾಂ ಬರುತ್ತದೆ. ಇದು ಮಾವನವರಿಗೂ ಹೊರೆಯಾಗದು. ತೊಂದರೆ ಕೊಡುವುದು ಸೋಯಾ ಸಾಸ್ ಒಂದೇ ಅಲ್ಲ. ಅದರ ಮೇಲೆ ಚಿಲ್ಲಿ ಸಾಸ್, ಟೊಮೆಟೊ ಸಾಸ್, ಸೂಪಿನ ಪುಡಿ, ಕೊನೆಗೆ ರುಚಿ ನೋಡಿ ಒಂದು ಚಿಟಿಕೆ ಉಪ್ಪು, ಹೀಗೆ ಒಂದರ ಮೇಲೊಂದು ಸುರಿಯುವ ಅಭ್ಯಾಸವೇ ನಿಜವಾದ ತೊಂದರೆ.

ಅಜಿನೊಮೊಟೊ ವಿಚಾರದಲ್ಲಿ ನಮ್ಮಲ್ಲಿ ಅಗತ್ಯಕ್ಕಿಂತ ಹೆಚ್ಚು ಹೆದರಿಕೆ ಇದೆ ಎಂಬುದು ನನ್ನ ಅಭಿಪ್ರಾಯ. ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನ ವಿಜ್ಞಾನಿ 1908ರಲ್ಲಿ ಕೊಂಬು ಎಂಬ ಕಡಲಕಳೆಯ ಸಾರಿನಿಂದ ಗ್ಲುಟಮೇಟ್ ಅನ್ನು ಬೇರ್ಪಡಿಸಿ, ಆ ಸಾರಿನ ರುಚಿಗೆ ಕಾರಣ ಅದೇ ಎಂದು ತೋರಿಸಿದರು. ಅಜಿನೊಮೊಟೊ ಎಂದರೆ ಆ ಗ್ಲುಟಮೇಟ್‌ನ ಸೋಡಿಯಂ ಲವಣ. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿಯೂ ಅಣಬೆಯಲ್ಲಿಯೂ ಇದೆ. ಅಡುಗೆ ಉಪ್ಪಿನಲ್ಲಿ ತೂಕದ ನೂರರಲ್ಲಿ ಸುಮಾರು 39 ಭಾಗ ಸೋಡಿಯಂ ಇದ್ದರೆ ಅಜಿನೊಮೊಟೊದಲ್ಲಿ ಸುಮಾರು 12 ಭಾಗ ಮಾತ್ರ ಇರುತ್ತದೆ. ಹಾಗಾಗಿ ಉಪ್ಪನ್ನು ಅರ್ಧಕ್ಕೆ ಇಳಿಸಿ ಒಂದು ಚಿಟಿಕೆ ಅಜಿನೊಮೊಟೊ ಹಾಕಿದರೆ ಒಟ್ಟು ಸೋಡಿಯಂ ತಗ್ಗುತ್ತದೆ. ಉಪ್ಪನ್ನು ಇಳಿಸದೆ ಅದನ್ನೂ ಸೇರಿಸಿದರೆ ಮಾತ್ರ ಏನೂ ಲಾಭವಿಲ್ಲ. ಪೊಟ್ಯಾಸಿಯಂ ಸೇರಿಸಿದ ‘ಕಡಿಮೆ ಸೋಡಿಯಂ’ ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ತರಬೇಡಿ. ಮೂತ್ರಪಿಂಡದ ತೊಂದರೆ ಇರುವವರಿಗೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಿಗೂ ಅದು ಅಪಾಯಕಾರಿ.

ಉತ್ತರ 2: ಗೋಣಿಕೊಪ್ಪಲಿನ ಹಳೆಯ ಅಡುಗೆಯವಳು

ತಂಗಿ, ಕಾಚಂಪುಳಿಯನ್ನು ಧೈರ್ಯವಾಗಿ ಬಳಸಿ, ಆದರೆ ವಿನೆಗರ್‌ನ ಅಳತೆಯಲ್ಲಿ ಬಳಸಬೇಡಿ. ಅದು ಬಹಳ ಗಾಢವಾದ ಹುಳಿಯಾದ್ದರಿಂದ ವಿನೆಗರ್ ಒಂದು ದೊಡ್ಡ ಚಮಚ ಬೇಕಾದ ಕಡೆ ಕಾಚಂಪುಳಿ ಅರ್ಧ ಸಣ್ಣ ಚಮಚದಿಂದ ಆರಂಭಿಸಿ, ರುಚಿ ನೋಡಿಕೊಂಡು ಏರಿಸುವುದು ಒಳ್ಳೆಯದು. ಅದರ ಕಪ್ಪು ಬಣ್ಣದಿಂದಲೇ ಸೂಪಿಗೆ ಬೇಕಾದ ಕಂದು ಬಣ್ಣ ಬರುವುದರಿಂದ ಡಾರ್ಕ್ ಸೋಯಾ ಸಾಸ್ ಬೇಕಾಗುವುದೇ ಇಲ್ಲ; ಬಣ್ಣಕ್ಕಾಗಿ ಉಪ್ಪನ್ನು ಸುರಿಯುವ ಕೆಲಸ ಅಲ್ಲಿಗೆ ತಪ್ಪಿತು. ಪಂದಿ ಕರಿಗೆ ಹಾಕುವಂತೆಯೇ ಇದನ್ನೂ ಕೊನೆಯಲ್ಲಿ ಹಾಕಬೇಕು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಬೇಡ.

ಚೀನಾದ ಹಾಟ್ ಆ್ಯಂಡ್ ಸೋರ್ ಸೂಪಿನಲ್ಲಿ ಖಾರ ಬರುವುದು ಮೂಲತಃ ಮೆಣಸಿನಕಾಯಿಯಿಂದಲ್ಲ, ಬಿಳಿ ಮೆಣಸಿನಿಂದ. ಮೆಣಸು ನಮ್ಮ ಅಂಗಳದಲ್ಲೇ ಒಣಗುತ್ತಿರುವಾಗ ಬಾಟಲಿಯ ಚಿಲ್ಲಿ ಸಾಸ್ ಏಕೆ ಬೇಕು? ಕೊಯ್ಲಿನ ಸಮಯದಲ್ಲಿ ಬಳ್ಳಿಯಲ್ಲೇ ಕೆಂಪಾದ ಕಾಳುಗಳನ್ನು ಬೇರೆಯಾಗಿ ಆರಿಸಿ, ಪ್ರತಿದಿನ ನೀರು ಬದಲಿಸುತ್ತಾ ಏಳರಿಂದ ಹತ್ತು ದಿನ ನೆನೆಸಿ, ಮೆತ್ತಗಾದ ಸಿಪ್ಪೆಯನ್ನು ಕೈಯಲ್ಲೇ ಉಜ್ಜಿ ತೆಗೆದು, ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದರೆ ಬಿಳಿ ಮೆಣಸು ಸಿದ್ಧವಾಗುತ್ತದೆ. ನೆನೆಯುವಾಗ ಬರುವ ವಾಸನೆಗೆ ಹೆದರಬೇಡಿ, ಪಾತ್ರೆಯನ್ನು ಮನೆಯಿಂದ ಸ್ವಲ್ಪ ದೂರ ಇಟ್ಟರಾಯಿತು. ಅಷ್ಟು ತಾಳ್ಮೆ ಇಲ್ಲದಿದ್ದರೆ ಕರಿಮೆಣಸೇ ಸಾಕು.

ನಾನು ಮಾಡುವ ಕ್ರಮ ಹೀಗಿದೆ. ಒಣಗಿಸಿದ ಅಣಬೆಯನ್ನು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತಳದ ಮಣ್ಣು ಬಾರದಂತೆ ಆ ನೀರನ್ನು ಬಸಿದು, ಅದನ್ನೇ ಕೋಳಿ ಮೂಳೆಯ ಸಾರಿಗೆ ಸೇರಿಸುತ್ತೇನೆ. ಎಲೆಕೋಸು, ಕ್ಯಾರೆಟ್, ನೆನೆದ ಅಣಬೆಗಳನ್ನು ಹಾಕಿ ಒಂದು ಕುದಿ ಬಂದ ಮೇಲೆ ಸ್ವಲ್ಪವೇ ಕಾರ್ನ್‌ಫ್ಲೋರ್ ಕದಡಿ, ಒಡೆದ ಮೊಟ್ಟೆಯನ್ನು ಸಣ್ಣ ಧಾರೆಯಾಗಿ ಬಿಡುತ್ತೇನೆ. ಆಗಷ್ಟೇ ಕುಟ್ಟಿದ ಮೆಣಸು ಮತ್ತು ಕಾಚಂಪುಳಿ ಬೀಳುವುದು ಒಲೆ ಆರಿಸಿದ ಮೇಲೆ. ಹುಳಿ ಮತ್ತು ಮೆಣಸಿನ ಘಾಟು ಮುಂದೆ ಬಂದಾಗ ಉಪ್ಪು ಕಡಿಮೆಯಾಗಿದೆ ಎಂಬುದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಉತ್ತರ 3: ಕುಶಾಲನಗರದಿಂದ ಒಬ್ಬರು

ನೂಡಲ್ಸ್ ಎಂದರೆ ಹುರಿದದ್ದೇ ಆಗಬೇಕೆಂದೇನೂ ಇಲ್ಲ. ನಮ್ಮ ಪಕ್ಕದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಥುಕ್ಪ ಎಂಬ ನೂಡಲ್ಸ್ ಸೂಪನ್ನು ನೀವು ಉಂಡಿರಬಹುದು. ಅದರ ಜಾತಿಯದೇ ಆದ ಥೆಂಥುಕ್ ಮನೆಯಲ್ಲಿ ಮಾಡಲು ಇನ್ನೂ ಸುಲಭ. ಹಿಟ್ಟನ್ನು ಮೆತ್ತಗೆ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಪಟ್ಟಿಯಾಗಿ ಎಳೆದು, ಹೆಬ್ಬೆರಳಿನಿಂದ ಚಪ್ಪಟೆ ಮಾಡುತ್ತಾ ಚೂರು ಚೂರಾಗಿ ಹರಿದು ಕುದಿಯುವ ಸಾರಿಗೆ ನೇರವಾಗಿ ಹಾಕುವುದಷ್ಟೇ ಇಲ್ಲಿನ ಕೆಲಸ. ಎಳೆ ಎಳೆಯಾಗಿ ಬರಬೇಕಾದ ಹಂಗಿಲ್ಲದ ಕಾರಣ ಮೈದಾ ಬದಲು ಪೂರ್ತಿ ಗೋಧಿ ಹಿಟ್ಟಿನಲ್ಲಿಯೇ ಇದು ಚೆನ್ನಾಗಿ ಬರುತ್ತದೆ. ಮೂಲಂಗಿ, ಪಾಲಕ್, ಶುಂಠಿ, ಬೆಳ್ಳುಳ್ಳಿ ಧಾರಾಳವಾಗಿರಲಿ. ಎಣ್ಣೆ ಬೇಕಾಗುವುದು ಒಗ್ಗರಣೆಗೆ ಒಂದು ಚಮಚ ಮಾತ್ರ. ಮೊಮೊ ಹೊದಿಕೆಗೆ ಮಾತ್ರ ನಾನು ಅರ್ಧ ಗೋಧಿ, ಅರ್ಧ ಮೈದಾ ಎಂಬ ರಾಜಿಗೆ ಬಂದಿದ್ದೇನೆ, ಏಕೆಂದರೆ ಪೂರ್ತಿ ಗೋಧಿಯ ಹೊದಿಕೆಯನ್ನು ತೆಳ್ಳಗೆ ಲಟ್ಟಿಸಿ ಮಡಿಸುವಾಗ ಅದು ಸುಲಭವಾಗಿ ಬಿರಿಯುತ್ತದೆ.

ಉತ್ತರ 4: ಸೋಮವಾರಪೇಟೆ ಸಂತೆ

ನೂಪುಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. ಬಿಸಿ ನೂಪುಟ್ಟನ್ನು ಬಾಣಲೆಗೆ ಹಾಕಿದರೆ ಮುದ್ದೆಯಾಗುವುದು ಖಂಡಿತ. ಶ್ಯಾವಿಗೆ ಒರಳಿಗೆ ದಪ್ಪ ತೂತಿನ ಬಿಲ್ಲೆ ಹಾಕಿ ಒತ್ತಿ, ಪೂರ್ತಿ ಆರಿದ ಮೇಲೆ ಫ್ರಿಜ್‌ನಲ್ಲಿಟ್ಟರೆ ಎಳೆಗಳು ಗಟ್ಟಿಯಾಗಿ ಬಿಡಿಬಿಡಿಯಾಗುತ್ತವೆ. ತರಕಾರಿಯನ್ನು ದೊಡ್ಡ ಉರಿಯಲ್ಲಿ ಹುರಿದು, ಕೊನೆಯ ಒಂದು ನಿಮಿಷದಲ್ಲಿ ನೂಪುಟ್ಟನ್ನು ಸೇರಿಸಿ ಮೇಲಿಂದ ಕೆಳಗೆ ತಿರುವಿದರೆ ಸಾಕು.

ಆದರೆ ಮೈದಾ ಇಲ್ಲವೆಂದ ಮಾತ್ರಕ್ಕೆ ಅದನ್ನು ಆರೋಗ್ಯದ ಅಡುಗೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ನೂಪುಟ್ಟು ಎಂದರೆ ಬಿಳಿ ಅಕ್ಕಿಯೇ. ಸಕ್ಕರೆ ಕಾಯಿಲೆ ಇರುವವರಿಗೆ ಅದರಿಂದ ವಿಶೇಷ ಉಪಕಾರವೇನಿಲ್ಲ. ಎಣ್ಣೆಯಲ್ಲಿ ಕರಿದು ಒಣಗಿಸಿದ ಇನ್‌ಸ್ಟಂಟ್ ನೂಡಲ್ಸ್‌ಗಿಂತ ಹಬೆಯಲ್ಲಿ ಬೆಂದ ನೂಪುಟ್ಟಿನಲ್ಲಿ ಕೊಬ್ಬು ಬಹಳ ಕಡಿಮೆ ಎಂಬುದಷ್ಟೇ ನಿಜವಾದ ಲಾಭ. ತಟ್ಟೆಯ ಅರ್ಧ ಭಾಗ ಬೀನ್ಸ್, ಎಲೆಕೋಸು, ಅಣಬೆ, ಮೊಟ್ಟೆ ಇದ್ದು, ಉಳಿದ ಅರ್ಧದಲ್ಲಿ ನೂಪುಟ್ಟು ಇದ್ದರೆ ಆಗ ಆ ಹೆಸರು ಸಲ್ಲುತ್ತದೆ.

ಮರುಪ್ರಶ್ನೆ: ವಿರಾಜಪೇಟೆ ತೋಟದಮನೆ

ಎಲ್ಲರಿಗೂ ಧನ್ಯವಾದಗಳು. ಅಕ್ಕ ಹೇಳಿದ ಸೂಪನ್ನು ಮೊದಲು ಮಾಡುತ್ತೇನೆ. ಮೊಮೊ ಒಳಗಿನ ಹೂರಣಕ್ಕೆ ಕೋಳಿ ಖೀಮಾದೊಂದಿಗೆ ಹಸಿ ಕಳಲೆಯನ್ನು ಹೆಚ್ಚಿ ಸೇರಿಸಿದರೆ ಹಬೆಯಲ್ಲಿಯೇ ಬೇಯುವುದಿಲ್ಲವೇ? ಹಾಗೆಯೇ, ಮಜ್ಜಿಗೆ ಹುಲ್ಲನ್ನು ಹಾಕಿ ಥಾಯ್ ಕರಿ ಮಾಡಿದರೆ ತೆಂಗಿನ ಹಾಲು ಮಾವನವರಿಗೆ ಹೆಚ್ಚಾಗುವುದೇ?

ಉತ್ತರ 5: ಗೋಣಿಕೊಪ್ಪಲಿನ ಹಳೆಯ ಅಡುಗೆಯವಳು

ಹಸಿ ಕಳಲೆಯನ್ನು ನೇರವಾಗಿ ಹೂರಣಕ್ಕೆ ಹಾಕಬೇಡಿ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದಲೇ ಹಿರಿಯರು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ಕುದಿಸಿ, ಕುದಿಸಿದ ನೀರನ್ನೂ ಚೆಲ್ಲುವ ಕ್ರಮ ಇಟ್ಟುಕೊಂಡಿದ್ದಾರೆ. ಮೊಮೊ ಹಬೆಯಲ್ಲಿರುವ ಹತ್ತು ಹದಿನೈದು ನಿಮಿಷ ಅದಕ್ಕೆ ಸಾಲದು. ಹೊದಿಕೆಯೊಳಗಿನ ನೀರು ಹೊರಗೆ ಹೋಗುವುದೂ ಇಲ್ಲ. ಹೀಗೆ ಬೆಂದ ಕಳಲೆಯನ್ನು ಬಟ್ಟೆಯಲ್ಲಿ ಹಿಂಡಿ, ಸಣ್ಣಗೆ ಕೊಚ್ಚಿ ಖೀಮಾದೊಂದಿಗೆ ಕಲಸಿದರೆ ಒಳ್ಳೆಯ ಕಚ್ಚುವಿಕೆ ಸಿಗುತ್ತದೆ, ಮಾಂಸವೂ ಕಡಿಮೆ ಸಾಕಾಗುತ್ತದೆ.

ಥಾಯ್ ಕರಿಗೆ ಎರಡನೆಯ ಹಾಲಿನಲ್ಲಿಯೇ ತರಕಾರಿ ಮತ್ತು ಕೋಳಿಯನ್ನು ಬೇಯಿಸಿ, ಗಟ್ಟಿ ಹಾಲನ್ನು ಇಳಿಸುವ ಮೊದಲು ನಾಲ್ವರಿಗೆ ಕಾಲು ಲೋಟದಷ್ಟು ಮಾತ್ರ ಸೇರಿಸಿ. ಮಜ್ಜಿಗೆ ಹುಲ್ಲಿನ ಬುಡದ ಬಿಳಿ ಭಾಗವನ್ನು ಜಜ್ಜಿ ಹಾಕಿ. ಎರಡು ಎಳೆಯ ನಿಂಬೆ ಎಲೆಗಳನ್ನು ನಡುವಿನ ನರ ತೆಗೆದು ಹರಿದು ಹಾಕಿದರೆ ಪರಿಮಳಕ್ಕೆ ಕೊರತೆಯಾಗದು. ಇಲ್ಲಿ ಕಾಚಂಪುಳಿ ಬೇಡ, ಕರಿ ಕಪ್ಪಾಗುತ್ತದೆ, ನಿಂಬೆರಸವನ್ನೇ ಹಿಂಡಿ.