ಪದಚರ್ಚೆ: ಮೊಳಕೆ ದಾಟಿದೆ, ಸಸಿ ಆಗಿಲ್ಲ. ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ, ಸ್ವಲ್ಪ ಬಿಡಿಸಿ.

ನಾನಿರುವುದು ಮ್ಯೂನಿಕ್‌ನಲ್ಲಿ. ಇಲ್ಲಿಯ ಕೆಲವು ಕನ್ನಡ ಮಕ್ಕಳನ್ನು ಈ ಬೇಸಿಗೆಯಲ್ಲಿ ಈಸರ್ ಹೊಳೆಯ ಮೇಲ್ಭಾಗಕ್ಕೆ, ವಾಲ್‌ಗೌ ಅನ್ನುವ ಊರಿನ ಕಡೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅವರ ಕೈಗೆ ಕೊಡಲು ಕನ್ನಡದಲ್ಲಿ ಎರಡು ಪುಟ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ವಿಷಯ, ಅಲ್ಲಿ ಬೆಳೆಯುವ ಜರ್ಮನ್ ಟ್ಯಾಮರಿಸ್ಕ್. ಸಸ್ಯಶಾಸ್ತ್ರದ ಹೆಸರು ಮಿರಿಕೇರಿಯ ಜರ್ಮಾನಿಕ. ಆಲ್ಪ್ಸ್ ಬೆಟ್ಟದಿಂದ ಇಳಿಯುವ ಹೊಳೆಗಳ ಜಲ್ಲಿದಂಡೆಯಲ್ಲಿ ಆಳೆತ್ತರ ಬೆಳೆಯುತ್ತದೆ. ಎಲೆ ಮೀನಿನ ಹುರುಪೆಯ ಹಾಗೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ದೂರದಿಂದ ನಮ್ಮ ಗಾಳಿಮರದ ಮರಿಯ ಹಾಗೆ ಕಾಣುತ್ತದೆ. ಜರ್ಮನಿಯಲ್ಲಿ ಇದು ಅಳಿವಿನಂಚಿಗೆ ಬಂದಿದೆ.

ಮೊದಲ ಜಗಳ ಮನೆಯಲ್ಲೇ ಆಯಿತು. ನಾನು 'ಗಿಡ' ಅಂತ ಬರೆದಿದ್ದೆ. ನನ್ನವಳು ಧಾರವಾಡದವಳು, ಅವಳಿಗೆ ದೊಡ್ಡ ಬೇವಿನ ಮರವೂ ಗಿಡವೇ. ನನಗೋ, ತೀರ್ಥಹಳ್ಳಿ ಕಡೆಯವನಿಗೆ, ಗಿಡ ಅಂದರೆ ಸೊಂಟದ ಮಟ್ಟದ್ದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅನ್ನುವ ಗಾದೆಯಲ್ಲಿ ಗಿಡ ಅಂದರೆ ಎಳೇ ಮರ. ಹೀಗೆ ಮೂರು ಅರ್ಥ. ಪೊದೆ ಅಂತ ಬರೆದು ಮುಗಿಸಿದೆ, ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಇರುವುದು ಸೀಡ್ಲಿಂಗ್ ಅನ್ನುವ ಮಾತಿನಲ್ಲಿ, ಅಂದರೆ ಬೀಜ ಮೊಳೆತು ಆಗಷ್ಟೇ ಎರಡೆಲೆ ಬಿಟ್ಟ ಹಂತ.

ಈ ಪೊದೆಯ ಬೀಜ ಬರೀ ಧೂಳಿನಷ್ಟು. ತುದಿಗೊಂದು ಪುಟ್ಟ ತೊಟ್ಟು, ಅದರ ಮೇಲೆ ಬಿಳಿ ಕೂದಲಿನ ಕುಚ್ಚು. ಎಕ್ಕದ ಬೀಜವನ್ನು ನಾವು ಅಜ್ಜನ ಗಡ್ಡ ಅಂತ ಊದಿ ಆಡುತ್ತಿದ್ದೆವಲ್ಲ, ಅದರ ಚಿಕ್ಕ ತಮ್ಮ ಅಂದುಕೊಳ್ಳಿ. ಒಂದೊಂದು ಪೊದೆಯೂ ಸಾವಿರಗಟ್ಟಲೆ ಹಾರಿಬಿಡುತ್ತದೆ, ಗಾಳಿಯಲ್ಲಿ ಒಂದಿಷ್ಟು, ನೀರಿನಲ್ಲಿ ಒಂದಿಷ್ಟು. ಆದರೆ ಒಳಗೆ ಬುತ್ತಿ ಕಟ್ಟಿಕೊಂಡು ಹೊರಟ ಬೀಜ ಅಲ್ಲ ಇದು. ಒದ್ದೆ ಮರಳು ಸಿಕ್ಕಿದರೆ ಒಂದೆರಡು ದಿನದಲ್ಲೇ ಮೊಳೆಯುತ್ತದೆ, ಸಿಗದಿದ್ದರೆ ಕೆಲವೇ ವಾರದಲ್ಲಿ ಸಾಯುತ್ತದೆ. ಮುಂದಿನ ಮಳೆಗಾಲಕ್ಕೆ ಅಂತ ಮಣ್ಣಿನಲ್ಲಿ ಕಾದು ಕೂರುವ ಜಾತಿಯಲ್ಲ. 'ವಯಬಿಲಿಟಿ ಕಡಿಮೆ' ಅನ್ನುವುದಕ್ಕೆ ಮೊದಲು 'ಜೊಳ್ಳು' ಅಂತ ಬರೆದು ಹೊಡೆದುಹಾಕಿದೆ. ಜೊಳ್ಳು ಹುಟ್ಟುವಾಗಲೇ ಖಾಲಿ. ಇದು ಜೀವ ಇದ್ದು ಸತ್ತಿದ್ದು. 'ಬೀಜಕ್ಕೆ ಆಯಸ್ಸು ಕಡಿಮೆ' ಅಂದೆ, ಅದು ಸರಿ ಅನ್ನಿಸಿತು.

ಮೊಳೆತ ಮೇಲಿನ ಕಥೆ ಇನ್ನೂ ಕಷ್ಟ. ಹೋದ ವರ್ಷ ಅಲ್ಲಿ ಮಂಡಿಯೂರಿ, ಭೂತಗನ್ನಡಿ ಹಿಡಿದು ನೋಡಿದ್ದೆ. ಎರಡು ಬೆಣಚುಕಲ್ಲಿನ ನಡುವೆ ಅಂಗೈಯಷ್ಟು ನುಣುಪು ಕೆಸರು, ಅದರ ಮೇಲೆ ಹಸಿರು ಚುಕ್ಕಿ ಚೆಲ್ಲಿದ ಹಾಗೆ ಹತ್ತಾರು, ಒಂದೊಂದಕ್ಕೂ ಗಸಗಸೆಯಷ್ಟು ಎರಡೇ ಎಲೆ. ಕೆಸರು ಒಣಗಿ ಬಿರುಕು ಬಿಟ್ಟ ಕಡೆ ಎಲ್ಲವೂ ಕಂದು. ಬಿಸಿಲು ಜಾಸ್ತಿಯಾದರೆ ಹೀಗೆ, ನೀರು ಏರಿದರೆ ಕೊಚ್ಚಿಕೊಂಡು ಹೋಗುತ್ತವೆ, ಪಕ್ಕದಲ್ಲಿ ಹುಲ್ಲೋ, ವಿಲೋ ಅನ್ನುವ ಜಾತಿಯ ಪೊದೆಯೋ ಬಂದರೆ ನೆರಳಿಗೆ ಸೊರಗುತ್ತವೆ. ಬೇರು ಆಳಕ್ಕೆ ಇಳಿದ ಮೇಲೆ ಮಾತ್ರ ನೆರೆಗೂ ಜಗ್ಗುವುದಿಲ್ಲ. ವಿಚಿತ್ರ ನೋಡಿ, ಮರಿಯನ್ನು ಕೊಲ್ಲುವ ನೆರೆಯೇ ದಂಡೆಯನ್ನು ಬೋಳು ಮಾಡಿ ಬೀಜಕ್ಕೆ ಜಾಗ ಕೊಡಬೇಕು. 1924ರಲ್ಲಿ ಈಸರ್ ನೀರನ್ನು ವಾಲ್ಖೆನ್ಸೇ ವಿದ್ಯುತ್ ಕೇಂದ್ರಕ್ಕೆ ತಿರುಗಿಸಿದರು, 1959ಕ್ಕೆ ಕೆಳಗೆ ಸಿಲ್ವೆನ್‌ಸ್ಟೈನ್ ಅಣೆಕಟ್ಟು ಮುಗಿಯಿತು. ಅಣೆಕಟ್ಟು ನೆರೆಯನ್ನೂ ಹಿಡಿಯಿತು, ಜಲ್ಲಿಯನ್ನೂ ಹಿಡಿಯಿತು. ಅದರ ಕೆಳಗೆ ಬೋಳು ದಂಡೆ ಹುಟ್ಟುವುದೇ ಅಪರೂಪವಾಯಿತು.

ಹಾಗಾಗಿ ಈ ಎರಡೆಲೆಯ ಹಂತಕ್ಕೆ ಒಂದು ಹೆಸರು ಬೇಕೇ ಬೇಕು. ಜರ್ಮನ್ನರಿಗೆ ಸುಲಭ, ಇದಕ್ಕೆ ಕೈಮ್‌ಲಿಂಗ್, ಬೇರೂರಿದ ಮೇಲೆ ಯುಂಗ್‌ಫ್ಲಾಂಟ್ಸೆ. ನಾನು 'ಮೊಳಕೆ ಸಾವಿರ, ಸಸಿ ನಾಲ್ಕು' ಅಂತ ಬರೆದು ಮಗಳಿಗೆ ಓದಲು ಕೊಟ್ಟೆ. ಒಂಬತ್ತು ವರ್ಷ ಅವಳಿಗೆ. 'ಮೊಳಕೆ ಅಂದ್ರೆ ಕೋಸಂಬರಿಗೆ ಹಾಕ್ತೀವಲ್ಲ, ಅದಾ?' ಅಂದಳು. ಆಮೇಲೆ, 'ಈ ಸಸೀನ ಯಾರು ನೆಟ್ಟಿದ್ದು ಅಪ್ಪಾ?'

ಎರಡನೆಯ ಪ್ರಶ್ನೆಗೆ ನಾನು ಸುಮ್ನೆ ಕೂತೆ. ನಿಜ ಅಲ್ವಾ? ಸಸಿ ಅಂದರೆ ಯಾರೋ ಮಡಿ ಮಾಡಿ, ಕಿತ್ತು, ನೆಟ್ಟ ಹಾಗೆ. ನಮ್ಮ ಕಡೆಯ ಅಗೆ, ದಕ್ಷಿಣ ಕನ್ನಡದ ನೇಜಿ, ಮಂಡ್ಯ ಕಡೆಯ ಒಟ್ಲು, ಎಲ್ಲದರ ಹಿಂದೆಯೂ ರೈತನ ಕೈ ಇದೆ. ತಾನಾಗಿ ಹುಟ್ಟಿದ್ದಕ್ಕೆ ಹೊಂದುವುದಿಲ್ಲ. ಮೊಳಕೆಯಾದರೂ ಹಿಂದೆ ಇಷ್ಟು ಕಿರಿದಾಗಿರಲಿಲ್ಲ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಅನ್ನುವಾಗ ಯಾರಿಗೂ ಹೆಸರುಕಾಳು ನೆನಪಾಗುವುದಿಲ್ಲವಲ್ಲ. ಈಗ ಅಡುಗೆಮನೆ ಆ ಪದವನ್ನು ಎಳೆದುಕೊಂಡಿದೆ.

'ಸಸ್ಯಾಂಕುರ' ಅಂತ ಯಾರಾದರೂ ಹೇಳುವ ಮೊದಲೇ ಬೇಡ ಅಂದುಬಿಡುತ್ತೇನೆ, ಮಕ್ಕಳು ಓದಬೇಕು. 'ಎರಡೆಲೆ' ಅಂತಲೇ ಹೆಸರಿಟ್ಟರೆ ಹೇಗೆ? 'ದಂಡೆಯಲ್ಲಿ ಎರಡೆಲೆಗಳು ಸಾವಿರ, ಬೇರೂರಿದ ಮರಿಗಳು ನಾಲ್ಕು.' ನನ್ನ ಕಿವಿಗೆ ಚೆನ್ನಾಗಿದೆ. ನಿಮ್ಮ ಕಡೆ, ಮನೆ ಹಿತ್ತಲಿನಲ್ಲಿ ಹಲಸೋ ಮಾವೋ ತಾನಾಗಿ ಹುಟ್ಟಿ ಎರಡೆಲೆ ಬಿಟ್ಟಾಗ, ಯಾರೂ ನೆಡದಿದ್ದಾಗ, ಅದನ್ನು ಅಜ್ಜಿ ಏನಂತ ಕರೆಯುತ್ತಿದ್ದರು? ಆ ಒಂದು ಪದ ಸಿಕ್ಕರೆ ಸಾಕು. ಶುಕ್ರವಾರ ಹಾಳೆ ಪ್ರಿಂಟ್ ಹಾಕಿಸಬೇಕು.