ಶೂಟಿಂಗ್ ರೇಂಜ್‌ನ ‘ಬ್ಯಾಕ್‌ಸ್ಟಾಪ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಗೆಳೆಯರ ಶೂಟಿಂಗ್ ರೇಂಜ್ ಒಂದಕ್ಕೆ ಸುರಕ್ಷತೆಯ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಗುರಿಹಲಗೆಯ ಹಿಂದೆ ಗುಂಡನ್ನು ಹಿಡಿದು ನಿಲ್ಲಿಸುತ್ತದಲ್ಲ, ಅದಕ್ಕೆ ಪದ ಬೇಕು. ಬೋರ್ಡ್ ಬರೆಯುವವರು ಸಂಜೆ ಬರುತ್ತಾರೆ. ವಾಕ್ಯಗಳು ಇವು:

‘ಬ್ಯಾಕ್‌ಸ್ಟಾಪ್‌ಗೆ ಜರಡಿ ಹಿಡಿದ ಮಣ್ಣನ್ನೇ ಹಾಕಿ. ಕಲ್ಲಿದ್ದರೆ ಗುಂಡು ಪುಟಿಯುತ್ತದೆ.’

‘ಉಕ್ಕಿನ ಬ್ಯಾಕ್‌ಸ್ಟಾಪ್‌ನ ಮೇಲಂಚು ಶೂಟರ್ ಕಡೆಗೆ ವಾಲಿರಲಿ. ಚೂರುಗಳು ಕೆಳಗಿನ ಮರಳಿಗೆ ಬೀಳುತ್ತವೆ.’

ಒಂದೇ ಪದ ಎರಡಕ್ಕೂ ಹೊಂದಬೇಕು.
— ಮಡಿಕೇರಿಯಿಂದ

ಹಿಂದಡೆ. ಹಿಂಗಾಲು, ಹಿಂದಲೆ ಇದ್ದ ಹಾಗೆ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.
— ಮೈಸೂರಿನಿಂದ

ಇದೆ ರೀ. ಬೋರ್ಡಿನಲ್ಲಿ ‘ಹಿಂದಡೆ’ ಅಂತ ಓದಿದವನು ‘ಹಿಂದುಗಡೆ’ ತಪ್ಪಾಗಿದೆ ಅಂದುಕೊಂಡು ನೇರ ಅಲ್ಲಿಗೇ ನಡೆದು ಹೋಗುತ್ತಾನೆ. ಗುಂಡೊಡ್ಡು ಅನ್ನಿ. ಹೊಲಕ್ಕೆ ಒಡ್ಡು ಹಾಕುವುದು ಹರಿದು ಬರುವುದನ್ನು ತಡೆಯಲಿಕ್ಕೇ ಅಲ್ವಾ?
— ಧಾರವಾಡದಿಂದ

ಒಡ್ಡು ಮಣ್ಣಿನದು. ಉಕ್ಕಿನ ಹಲಗೆಗೆ ಹೇಗೆ ಹೊಂದುತ್ತದೆ? ಯೋಚಿಸಿ ಬರೆಯಿರಿ.
— ಮೈಸೂರಿನಿಂದ

ಗುಂಡಿಗೆ ಎದೆಯೊಡ್ಡಿದ ಅನ್ನುವುದಿಲ್ಲವೇ? ಮಣ್ಣಿನದಾದರೆ ಹೆಸರುಪದ, ಹಲಗೆಯಾದರೆ ಎಸಕಪದ (ಕ್ರಿಯಾಪದ). ಯೋಚಿಸಿಯೇ ಬರೆದೆ.
— ಧಾರವಾಡದಿಂದ

ನಾನು ಸೇನೆಯಲ್ಲಿದ್ದವನು. ನಾವು ಅದಕ್ಕೆ ‘ಸ್ಟಾಪ್ ಬಟ್’, ಸುಮ್ನೆ ‘ಬಟ್’ ಅನ್ನುತ್ತಿದ್ದೆವು. ಹಿಂದಿಯವರು ಗುಂಡು ಹೊಡೆದು ಕಲಿಯುವ ಜಾಗಕ್ಕೆ ಚಾಂದ್‌ಮಾರಿ ಅನ್ನುತ್ತಾರೆ. (ಊರಿನವರೊಬ್ಬರು ಅಲ್ಲಿ ಮಾರಮ್ಮನ ಗುಡಿ ಇದೆಯಾ ಅಂತ ಕೇಳಿದ್ದರು!) ಪದ ಏನೇ ಇರಲಿ, ಕೈಪಿಡಿಯಲ್ಲಿ ಇಷ್ಟು ಸೇರಿಸಿ. ಹಳೇ ಟಯರ್ ಜೋಡಿಸಬೇಡಿ. ವೇಗ ಕಮ್ಮಿಯಿರುವ ಗುಂಡು ರಬ್ಬರಿಗೆ ಬಡಿದು ವಾಪಸ್ ಬರಬಹುದು. ಬರೀ ಕಾಂಕ್ರೀಟ್ ಗೋಡೆಯಾದರೆ ಚಕ್ಕೆ ಸಿಡಿಯುತ್ತದೆ. ಕೊಡಗಿನ ಮಳೆಗೆ ಬರೀ ಮರಳಿನ ಗುಡ್ಡೆ ಕೊಚ್ಚಿಹೋಗುತ್ತದೆ. ಮಣ್ಣಿನ ದಿಬ್ಬ ಮಾಡಿ, ಪಕ್ಕಕ್ಕೂ ನೆತ್ತಿಗೂ ಹುಲ್ಲು ಹಿಡಿಸಿ. ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ: ಗುರಿಯ ನೇರಕ್ಕೆ ಒಂದೇ ಕಡೆ ಸೀಸ ಸೇರುತ್ತಾ ಹೋಗುತ್ತದೆ. ಆಮೇಲೆ ಮಣ್ಣು ಎಷ್ಟೇ ಮೆತ್ತಗಿದ್ದರೂ ಗುಂಡು ಹಳೇ ಸೀಸಕ್ಕೇ ಬಡಿದು ಪುಟಿಯುತ್ತದೆ. ಆಗಾಗ ಅಗೆದು ಜರಡಿ ಹಿಡಿಯಬೇಕು. ಅಗೆದವರು ಕೈ ತೊಳೆಯದೆ ಊಟಕ್ಕೆ ಕೂರಬಾರದು.
— ಹಾಸನದಿಂದ

‘ಬಟ್’ ಇಂಗ್ಲಿಷ್ ಅಂತ ಯಾರು ಹೇಳಿದರು? ಅದು ನಮ್ಮ ‘ಬೆಟ್ಟ’. ಮಣ್ಣಿನ ಗುಡ್ಡೆ ತಾನೇ!
— ಮೈಸೂರಿನಿಂದ

ಫ್ರೆಂಚಿನಿಂದ ಇಂಗ್ಲಿಷಿಗೆ ಹೋದ ಪದ. ಅರ್ಥ ‘ಗುರಿ’. ಬೆಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.
— ಧಾರವಾಡದಿಂದ

ಹಾಗಾದರೆ ಪರದೇಶದ್ದೇ, ಬೇಡ. ಹೀಗೆ ಒಂದೊಂದೇ ಬಿಟ್ಟುಕೊಂಡರೆ ನಮಗೆ ಉಳಿಯುವುದೇನು?
— ಮೈಸೂರಿನಿಂದ

ಸ್ವಾಮೀ, ಈಗಷ್ಟೇ ‘ನಮ್ಮ ಬೆಟ್ಟ’ ಆಗಿತ್ತು, ಎರಡು ನಿಮಿಷಕ್ಕೆ ಪರದೇಶದ್ದಾಯಿತೇ? ಬಂದೂಕು ಅರಬ್ಬಿಯಿಂದ ಬಂತು, ತುಪಾಕಿ ತುರ್ಕಿಯಿಂದ ಬಂತು. ಆದರೂ ‘ಕೋವಿ’ ಎಲ್ಲೂ ಓಡಿಹೋಗಲಿಲ್ಲ. ಕೆಲಸ ಇರುವ ಪದ ಉಳಿಯುತ್ತದೆ.
— ಧಾರವಾಡದಿಂದ

ನಮ್ಮಲ್ಲಿ ಕೊಡವ ತಕ್ಕ್‌ನಲ್ಲಿ ಅದು ‘ತೋಕ್’. ದಯವಿಟ್ಟು ಅದರ ಮೂಲ ಹುಡುಕಬೇಡಿ, ಬೋರ್ಡಿನವರು ಬಂದಾಯಿತು. ಕೈಪಿಡಿಯಲ್ಲಿ ‘ಗುಂಡೊಡ್ಡು’ ಹಾಕಿದೆ, ಸೀಸದ ಮಾತನ್ನೂ ಸೇರಿಸಿದೆ. ಬೋರ್ಡಿಗೆ ಯಾವ ಹೊಸ ಪದವೂ ಬೇಡ ಅನ್ನಿಸಿತು: ‘ಗುಂಡು ಬೀಳುವ ದಿಬ್ಬ. ಹತ್ತಬೇಡಿ.’ ಎಲ್ಲರಿಗೂ ಥ್ಯಾಂಕ್ಸ್.
— ಮಡಿಕೇರಿಯಿಂದ

‘ಬೋರ್ಡ್’ ಅಲ್ಲ, ಹಲಗೆ. ‘ಥ್ಯಾಂಕ್ಸ್’ ಬಗ್ಗೆ ಬೇರೆಯೇ ಬರೆಯುತ್ತೇನೆ.
— ಮೈಸೂರಿನಿಂದ